ದಾನಮ್ಮನ ಬಾವಿಯ ಷರಾ

ನಮ್ಮ ಊರಿನಲ್ಲಿ ರಾತ್ರಿ ಹೊತ್ತು ಯಾರೂ ತಲೆಯೆತ್ತಿ ಆಕಾಶ ನೋಡುವುದಿಲ್ಲ. ರಾತ್ರಿಯ ನಕ್ಷತ್ರಗಳು ಎಲ್ಲ ಊರಿನವರಿಗೂ ಕಾಣುತ್ತವೆ, ಅದೂ ಪುಕ್ಕಟೆಯಾಗಿ. ಪುಕ್ಕಟೆ ಸಿಗುವುದರ ಬಗ್ಗೆ ನಮ್ಮವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮ ನಕ್ಷತ್ರಗಳು ಬಾವಿಯಲ್ಲಿವೆ. ಮನೆಗೊಂದು ಬಾವಿ, ಬಾವಿಗೊಂದು ನಕ್ಷತ್ರ. ಹನ್ನೊಂದು ಗಂಟೆಯಿಂದ ಎರಡು ಗಂಟೆಯೊಳಗೆ, ಬಿಸಿಲು ನೆತ್ತಿ ಸುಡುವಾಗ, ಬಾವಿಕಟ್ಟೆಗೆ ಎದೆ ಆನಿಸಿ ಬಗ್ಗಿದರೆ ಕೆಳಗೆ ನೀರಿನಲ್ಲಿ ಸಾಬೂದಾಣಿ ಕಾಳಿನಷ್ಟು ಬೆಳ್ಳಗೆ ಅದು ಕಾಣುತ್ತದೆ. ಪಕ್ಕದ ಮನೆಯ ಬಾವಿಯಲ್ಲಿ ಕಾಣುವುದು ಬೇರೆಯದು. ಅವರದು ನಮಗೆ ಬೇಡ, ನಮ್ಮದನ್ನು ಅವರಿಗೆ ಕೊಡುವುದಿಲ್ಲ.

ಯಾರ ನಕ್ಷತ್ರ ಎಷ್ಟು ಹೊಳೆಯುತ್ತದೋ ಅವರ ಮಾತಿಗೆ ಊರಿನಲ್ಲಿ ಅಷ್ಟು ತೂಕ. ಹೆಣ್ಣು ಕೊಡುವವರು ಮೊದಲು ಬಾವಿಯ ವಿಚಾರ ಕೇಳುತ್ತಾರೆ, ಆಮೇಲೆ ಹುಡುಗನ ವಿಚಾರ. ಎಷ್ಟೋ ಸಲ ಹುಡುಗನ ವಿಚಾರ ಕೇಳುವುದು ಮರೆತೇ ಹೋಗಿ, ಮದುವೆಯಾದ ಮೇಲೆ ನೆನಪಾಗುತ್ತದೆ.

ನಾನು ಈ ಊರಿನ ಬಾವಿ ನೋಡುವವನು. ಹೆಸರು ರಾಚಪ್ಪ. ನನ್ನ ಅಪ್ಪನೂ ಬಾವಿ ನೋಡುವವನೇ, ಅವನ ಅಪ್ಪನೂ ಅದೇ. ನಮ್ಮ ಸಾಮಾನು ಎರಡೇ: ಒಂದು ಬಿದಿರಿನ ಕೊಳವೆ, ಒಂದು ತೆಳು ಧೋತರದ ತುಂಡು. ಕೊಳವೆಯ ಬಾಯಿಗೆ ಬಟ್ಟೆ ಮಡಿಸಿ ಹಿಡಿದು ನೋಡಬೇಕು. ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ. ಎಷ್ಟು ಮಡಿಕೆಯ ಆಚೆಗೂ ನಕ್ಷತ್ರ ಕಾಣುತ್ತದೋ ಅಷ್ಟು ಅದರ ಬೆಳಕು. ಬಾವಿ ಸಮಿತಿಯ ಅಧ್ಯಕ್ಷ ಅಡಿವೆಪ್ಪನದು ಒಂಬತ್ತು ಮಡಿಕೆ. ಅಡಿವೆಪ್ಪ ಅಧ್ಯಕ್ಷನಾದದ್ದು ಅದಕ್ಕೇ. ಬೇರೆ ಕಾರಣ ಹುಡುಕಿದರೂ ಸಿಕ್ಕುವುದಿಲ್ಲ.

ದಫ್ತರದಲ್ಲಿ ಮಡಿಕೆಯ ಸಂಖ್ಯೆಯ ಮುಂದೆ ಒಂದು ಶಬ್ದ ಬರೆಯಬೇಕು. ನಾಲ್ಕು ಶಬ್ದಗಳಿಗೆ ಮಾತ್ರ ಅನುಮತಿ ಇದೆ: ಸ್ವಚ್ಛ, ಮಂಕು, ಮೋಡ, ಕೊಳೆ. ಅದರಾಚೆ 'ಷರಾ' ಎಂಬ ಅಗಲವಾದ ಕಾಲಂ ಇದೆ, ಏನಾದರೂ ವಿಶೇಷವಿದ್ದರೆ ಬರೆಯುವುದಕ್ಕೆ. ಅಜ್ಜನ ಕಾಲದಿಂದ ಅದರಲ್ಲಿ ಯಾರೂ ಒಂದಕ್ಷರ ಬರೆದಿಲ್ಲ. ವಿಶೇಷ ಇರಲಿಲ್ಲ ಅಂತಲ್ಲ. ಬರೆದವನೇ ಆಮೇಲೆ ಉತ್ತರ ಹೇಳಬೇಕಾಗುತ್ತದೆ ಅಂತ. ದಿನಾ ನಾಲ್ಕು ಗಂಟೆಗೆ ಚಾವಡಿಯ ಗುಮಾಸ್ತ ಕಟ್ಟೆಯ ಮೇಲೆ ನಿಂತು ಆ ಹೊತ್ತಿನ ಪುಟವನ್ನು ಗಟ್ಟಿಯಾಗಿ ಓದುತ್ತಾನೆ. ನಲವತ್ತೊಂದು ಬಾವಿ. ನಲವತ್ತೊಂದು ಸಲ 'ಇವರ ಬಾವಿ, ಅವರ ಬಾವಿ' ಎಂದರೆ ಗಂಟಲು ಒಣಗುತ್ತದೆಂದು ಬರೀ ಹೆಸರು ಮತ್ತು ಶಬ್ದ ಓದುವ ಪದ್ಧತಿ. "ಅಡಿವೆಪ್ಪ: ಸ್ವಚ್ಛ." ಹೀಗೆ. ಎಲ್ಲರಿಗೂ ಗೊತ್ತಿರುವುದೇ ಆದ್ದರಿಂದ ತಪ್ಪು ತಿಳಿಯುವ ಪ್ರಶ್ನೆಯೇ ಇರಲಿಲ್ಲ, ಆ ಗುರುವಾರದವರೆಗೆ.

ಪಟ್ಟಿಯಲ್ಲಿ ಕೊನೆಯ ಹೆಸರು ದಾನಮ್ಮನದು. ಅವಳ ಬಾವಿಯ ನಕ್ಷತ್ರ ಕಾಳಿನ ಹಾಗೆ ಕಾಣುವುದಿಲ್ಲ. ಯಾರೋ ಹೆಬ್ಬೆಟ್ಟಿನಿಂದ ಒರೆಸಿ ಹಚ್ಚಿದ ಹಾಗೆ, ಮಬ್ಬಾಗಿ, ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತದೆ. ಮೂರು ಮಡಿಕೆಯ ಆಚೆಗೆ ಸಿಕ್ಕರೆ ಹೆಚ್ಚು. ನನ್ನ ಅಪ್ಪ ಇದ್ದಷ್ಟು ವರ್ಷ ಅದನ್ನು 'ಮಂಕು' ಎಂದು ಬರೆಯುತ್ತಿದ್ದ. ಮಂಕಿಗೆ ಶಿಕ್ಷೆಯಿಲ್ಲ. ಮಂಕು ಯಾರ ಮನೆಯಲ್ಲಿಲ್ಲ?

ಅಪ್ಪ ತೀರಿಕೊಂಡ ಹದಿನಾಲ್ಕನೆಯ ದಿನ ಕೊಳವೆ ನನ್ನ ಕೈಗೆ ಬಂತು. ನನಗಾಗ ಇಪ್ಪತ್ತಾರು ವರ್ಷ, ದಾನಮ್ಮನಿಗೆ ಇಪ್ಪತ್ತೆರಡು. ನನಗೂ ಅವಳಿಗೂ ಮಾತುಕತೆ ಮುಗಿದು, ಅಡಿಕೆ ಎಲೆ ಬದಲಾಯಿಸುವುದೊಂದು ಬಾಕಿ ಇತ್ತು. ನಾನು ಅವಳ ಬಾವಿಗೆ ಬಗ್ಗಿದೆ. ಅಲ್ಲಿದ್ದದ್ದು ಮಂಕು ಆಗಿರಲಿಲ್ಲ. ಮಂಕು ಎಂದರೆ ಬೆಳಕು ಕಡಿಮೆ ಇರುವುದು. ಇದು ಬೆಳಕಿನ ಮೇಲೆ ಏನೋ ಕೂತಿರುವುದು. ನಾನು ಸತ್ಯವಂತ ಮನುಷ್ಯ. ನನ್ನ ಸತ್ಯದಿಂದ ಯಾರಿಗಾದರೂ ಒಳ್ಳೆಯದಾದದ್ದು ನನಗೆ ನೆನಪಿಲ್ಲ, ಆದರೆ ಸತ್ಯವಂತ ಎನ್ನುವುದು ನಿಜ. 'ಕೊಳೆ' ಎಂದು ಬರೆದೆ. ನಾಲ್ಕು ಗಂಟೆಗೆ ಗುಮಾಸ್ತ ಓದಿದ, "ದಾನಮ್ಮ: ಕೊಳೆ." ಐದು ಗಂಟೆಗೆ ನನ್ನ ಅವ್ವ ಸಂಬಂಧ ಮುರಿದಳು. ನಾನು ಬೇಡ ಅನ್ನಲು ಬಾಯಿ ತೆರೆದೆ. "ಯಾರ ಅಕ್ಷರ ಇದು?" ಅಂದಳು. ನನ್ನವೇ ಅಕ್ಷರ. ಬಾಯಿ ಮುಚ್ಚಿಕೊಂಡೆ.

ಅವಳ ತಂದೆ ಮೂರು ಸಲ ಬಾವಿ ತೊಳೆಸಿದರು, ಸುಣ್ಣ ಹಾಕಿಸಿದರು, ಹೂಳು ತೆಗೆಸಿದರು. ನಕ್ಷತ್ರಕ್ಕೆ ಅಂಟಿದ ಕೊಳೆ ಹೂಳು ತೆಗೆದರೆ ಹೋದೀತೆ? ತಂದೆ ಹೋದರು, ತಾಯಿ ಹೋದರು. ಕೊಳೆಬಾವಿಯ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ, ಆ ಮನೆಯವರನ್ನು ಊಟಕ್ಕೆ ಕರೆಯುವುದಿಲ್ಲ. ದಾನಮ್ಮ ಕೌದಿ ಹೊಲಿದು ಬದುಕಿದಳು, ಕೌದಿಗೆ ನೀರು ತಾಗುವುದಿಲ್ಲವಲ್ಲ. ನಾನು ಮದುವೆಯಾಗಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾಲ್ಕು ಶಬ್ದಗಳಲ್ಲಿ ಯಾವುದನ್ನು ಹೇಳಬೇಕೋ ತಿಳಿಯುತ್ತಿರಲಿಲ್ಲ.

ದಿನಾ ಎರಡು ಗಂಟೆಗೆ ಸ್ವಲ್ಪ ಮೊದಲು ನಾನು ಅವಳ ಹಿತ್ತಲಿಗೆ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಒಂದು ತಂಬಿಗೆ ನೀರು, ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಟ್ಟಿರುತ್ತಿದ್ದಳು. "ನೀರು ಕುಡೀರಿ," ಅನ್ನುತ್ತಿದ್ದಳು. "ಈಗ ಕುಡದು ಬಂದೆ," ಅನ್ನುತ್ತಿದ್ದೆ. ಅಷ್ಟೇ ಮಾತು. ಇಪ್ಪತ್ತೊಂದು ವರ್ಷ ಅವಳು ಇಡುವುದು ಬಿಡಲಿಲ್ಲ, ನಾನು ಕುಡಿದು ಬಂದದ್ದೂ ಇಲ್ಲ. ಬಿಸಿಲಲ್ಲಿ ನಲವತ್ತು ಬಾವಿ ಸುತ್ತಿ ಬಂದವನ ಗಂಟಲು ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ನಾನು ಹೇಳಿದ ಒಂದೇ ಸುಳ್ಳು ಅದು, ದಿನಕ್ಕೊಂದು ಸಲದಂತೆ.

ಇಪ್ಪತ್ತೊಂದು ವರ್ಷ ಎಂದೆನಲ್ಲ, ಆ ಲೆಕ್ಕಕ್ಕೆ ಕಾರಣವಿದೆ. ಮೋಡದ ದಿನಗಳನ್ನೂ ಶಬ್ದ ಬರೆಯದ ದಿನಗಳನ್ನೂ ಬಿಟ್ಟು, ಇಪ್ಪತ್ತೊಂದು ವರ್ಷ ಒಂದೇ ಸಮನೆ 'ಕೊಳೆ' ಎಂದು ದಾಖಲಾದ ಬಾವಿಯನ್ನು ಮಣ್ಣು ಹಾಕಿ ಮುಚ್ಚಬೇಕೆಂದು ನಮ್ಮಲ್ಲಿ ನಿಯಮ. ಬಾವಿ ಇಲ್ಲದವರು ಈ ಊರಿನವರಲ್ಲ. ಬೇರೆಯವರ ಬಾವಿಯಲ್ಲಿ ಅವರು ಹಗ್ಗ ಬಿಡುವಂತಿಲ್ಲ. ಹೀಗಾಗಿ ಊರು ಬಿಡಿ ಎಂದು ಯಾರೂ ಹೇಳುವುದಿಲ್ಲ, ಬಾಯಾರಿಕೆಯೇ ಹೇಳುತ್ತದೆ. ಬರುವ ಸೋಮವಾರಕ್ಕೆ ದಾನಮ್ಮನ ಬಾವಿಗೆ ಇಪ್ಪತ್ತೊಂದು ತುಂಬುತ್ತಿತ್ತು. ಅಡಿವೆಪ್ಪ ಆಗಲೇ ಎಂಟು ಗಾಡಿ ಮಣ್ಣು ತರಿಸಿ ಅವಳ ಮನೆಯ ಮುಂದೆ ಸುರಿಸಿದ್ದ. ಒಂದೇ ಒಂದು ದಿನ, ಯಾವತ್ತಾದರೂ ಒಂದು ದಿನ, ನಾನು 'ಮಂಕು' ಎಂದು ಬರೆದಿದ್ದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಒಮ್ಮೆಯೂ ಕೇಳಲಿಲ್ಲ. ನಾನು ಒಮ್ಮೆಯೂ ಬರೆಯಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಸತ್ಯ ಹೇಳುವ ಚಟ ಇನ್ನೂ ಬಿಟ್ಟಿಲ್ಲ.

ಆ ವಾರದ ಗುರುವಾರ ಬೆಳಿಗ್ಗೆ ವೈಜಯಂತಿ ಎಂಬ ಹೆಣ್ಣುಮಗಳು ಊರಿಗೆ ಬಂದಳು. ದೂರದ ಯಾವುದೋ ಬೆಟ್ಟದ ಮೇಲಿನ ದೊಡ್ಡ ದುರ್ಬೀನಿನಲ್ಲಿ ನಕ್ಷತ್ರ ನೋಡುವ ಕೆಲಸವಂತೆ. ಬೆನ್ನಿಗೊಂದು ಚೀಲ, ಬಿಸಿಲಿಗೆ ಕೆಂಪಗಾದ ಮುಖ, ಮಾತು ಮಾತಿಗೆ 'ಸರ್'. ನನ್ನನ್ನು ಅದುವರೆಗೆ ಯಾರೂ ಸರ್ ಎಂದಿರಲಿಲ್ಲವಾದ್ದರಿಂದ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ.

"ಸರ್, ಇಪ್ಪತ್ತೊಂದು ವರ್ಷದಿಂದ ಒಂದೇ ನಕ್ಷತ್ರವನ್ನ ದಿನಾ ನೋಡಿ ಬರೆದಿಟ್ಟವರು ಇಲ್ಲಿದ್ದಾರೆ ಅಂತ ಕೇಳಿ ಬಂದೆ. ಅದು ನೀವೇನಾ?"

"ನಲವತ್ತೊಂದು ನಕ್ಷತ್ರ ನೋಡ್ತೀನ್ರಿ. ನಿಮಗ ಯಾವುದು ಬೇಕು?"

ಅವಳು ಒಂದು ಉದ್ದದ ನಂಬರು ಹೇಳಿದಳು. ನಮ್ಮಲ್ಲಿ ನಕ್ಷತ್ರಕ್ಕೆ ನಂಬರಿಲ್ಲ, ಮನೆಯವರ ಹೆಸರು ಮಾತ್ರ. ಕೊನೆಗೆ ಚೀಲದಿಂದ ಒಂದು ಫೋಟೋ ತೆಗೆದಳು. ಕಪ್ಪು ಹಿನ್ನೆಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಅಗಲ ತಟ್ಟೆ, ನಡುವೆ ಬೆಳಕು, ತಟ್ಟೆಯ ಮಧ್ಯದಲ್ಲಿ ಸುತ್ತಲೂ ಬಳೆಯಂತೆ ಒಂದು ಕಪ್ಪು ಗೆರೆ. ತಟ್ಟೆ ಒಂದು ಕಡೆಗೆ ವಾಲಿತ್ತು. ಆ ವಾಲಿಕೆಯ ಗುರುತು ನನಗೆ ಕೂಡಲೇ ಸಿಕ್ಕಿತು. ಇಪ್ಪತ್ತೊಂದು ವರ್ಷ ನೋಡಿದ ವಾಲಿಕೆ ಅದು.

ದಾನಮ್ಮನ ಹಿತ್ತಲಿನಲ್ಲಿ ಕೂತು ವೈಜಯಂತಿ ನನ್ನ ದಫ್ತರಗಳನ್ನು ತಿರುವಿ ಹಾಕಿದಳು, ಪುಟ ಪುಟಕ್ಕೂ ಫೋಟೋ ತೆಗೆದುಕೊಂಡಳು. ಅರ್ಧ ಗಂಟೆಯಾಗಿರಲಿಲ್ಲ, ಬೆರಳಿಟ್ಟು ತೋರಿಸಿದಳು. "ನೋಡಿ ಸರ್, ಮೂರು ಮಡಿಕೆ, ಮೂರು, ಮೂರು, ಇಲ್ಲಿ ಒಂದು. ಮತ್ತೆ ಮೂರು, ಮೂರು, ನಲವತ್ತು ದಿನ ಬಿಟ್ಟು ಮತ್ತೆ ಒಂದು. ಪ್ರತಿ ನಲವತ್ತು ದಿನಕ್ಕೆ! ನಮಗೆ ವರ್ಷಕ್ಕೆ ಎರಡು ರಾತ್ರಿ ಸಿಗುತ್ತೆ ದುರ್ಬೀನು, ಅದೂ ಮೋಡ ಇಲ್ದೇ ಇದ್ರೆ. ಇದನ್ನ ನಾವು ಜನ್ಮದಲ್ಲಿ ಹಿಡೀತಿರ್ಲಿಲ್ಲ. ಇಪ್ಪತ್ತೊಂದು ವರ್ಷ, ಒಂದು ದಿನಾನೂ ಖಾಲಿ ಇಲ್ಲ!" ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಬರೆದದ್ದನ್ನು ಓದಿ ಅತ್ತವರು ಮೊದಲೂ ಇದ್ದರು, ಆದರೆ ಸಂತೋಷದಿಂದ ಅತ್ತವಳು ಇವಳೊಬ್ಬಳೇ.

"ಅಂದ್ರ ಕೊಳಿ ನಲವತ್ತು ದಿನಕ್ಕೊಮ್ಮೆ ಹೆಚ್ಚಾಗ್ತೈತಿ ಅಂತೇನ್ರಿ?" ಅಂದೆ.

"ಕೊಳೆ ಅಲ್ಲ ಸರ್. ಇದು ಎಳೇ ನಕ್ಷತ್ರ, ಈಗಿನ್ನೂ ಹುಟ್ಟಿರೋದು. ಸುತ್ತ ಇರೋದು ಧೂಳು, ಅನಿಲ, ತಟ್ಟೆ ಹಾಗೆ ಹರಡಿಕೊಂಡು ಸುತ್ತುತಾ ಇದೆ. ಅದರಲ್ಲಿ ಗಟ್ಟಿಯಾದ ಒಂದು ಭಾಗ ನಲವತ್ತು ದಿನಕ್ಕೊಮ್ಮೆ ನಕ್ಷತ್ರಕ್ಕೆ ಅಡ್ಡ ಬರುತ್ತೆ. ಆಚೆ ಈ ಕಪ್ಪು ಗೆರೆ ಇದೆಯಲ್ಲ, ಅದೇ ಮುಖ್ಯ. ಅಲ್ಲಿ ಧೂಳು ಇಲ್ಲ. ಯಾಕಿಲ್ಲ ಅಂದ್ರೆ, ಅಲ್ಲೊಂದು ಗ್ರಹ ಹುಟ್ತಾ ಇದೆ, ತನ್ನ ದಾರಿಯಲ್ಲಿರೋ ಧೂಳನ್ನೆಲ್ಲ ಅದೇ ಮೈಗೆ ಹಚ್ಕೊಂಡು ಬೆಳೀತಾ ಇದೆ. ನಮ್ಮ ಕೆಲಸದಲ್ಲಿ ಖಾಲಿ ಕಂಡ ಕಡೆ ನಾವು ಹೆಚ್ಚು ಹೊತ್ತು ನೋಡ್ತೀವಿ. ಖಾಲಿ ಇದೆ ಅಂದ್ರೆ ಅಲ್ಲೇನೋ ಆಗ್ತಾ ಇದೆ ಅಂತ."

ದಾನಮ್ಮ ಅದುವರೆಗೆ ಕಂಬಕ್ಕೊರಗಿ ಕೌದಿಗೆ ದಾರ ಹಾಕುತ್ತ ಕೂತಿದ್ದಳು. ಸೂಜಿ ನಿಲ್ಲಿಸಿ ಹೇಳಿದಳು, "ಪರಾತದಾಗ ಹಿಟ್ಟಿನ ಮುದ್ದಿ ಉಳ್ಳಿಸಿದ್ರ ಹಂಗ ಅಲ್ಲೇನ್ರಿ. ಮುದ್ದಿ ಹೋದ ದಾರಿ ಸ್ವಚ್ಛ ಆಗ್ತೈತಿ, ಒಣಾ ಹಿಟ್ಟೆಲ್ಲಾ ಮುದ್ದಿಗೆ ಮೆತ್ತಿಕೊಂತೈತಿ."

ವೈಜಯಂತಿ ಬೆರಗಾಗಿ ಅವಳ ಮುಖ ನೋಡಿದಳು. "ಅಷ್ಟೇ ಅಕ್ಕ. ನಾನು ಇದನ್ನ ಹೇಳೋಕೆ ಐದು ವರ್ಷ ಓದಿದೀನಿ."

ನಾನು ಕೊಳವೆ ಹಿಡಿದು ಬಗ್ಗಿದೆ. ಆ ಮಬ್ಬಿನೊಳಗೆ ಕಪ್ಪು ಗೆರೆ ಇತ್ತು. ಮೊದಲ ದಿನದಿಂದಲೂ ಇತ್ತು. ನಾನು ಅದನ್ನು ರಾಟೆಯ ಹಗ್ಗದ ನೆರಳು ಎಂದುಕೊಂಡಿದ್ದೆ.

ದಫ್ತರ ಬಿಚ್ಚಿದೆ. ಲೇಖನಿ ಕೊಳೆಯ 'ಕೊ' ಹತ್ತಿರ ಹೋಗಿ ನಿಂತಿತು. "ಮೇಡಂ, ಈಗ ಏನಂತ ಬರೀಬೇಕ್ರಿ? ನಾಲ್ಕ ಶಬ್ದ ಅದಾವ," ಎಂದು ನಾಲ್ಕನ್ನೂ ಹೇಳಿದೆ. "ನಾಲ್ಕರಲ್ಲಿ ಯಾವುದೂ ಅಲ್ವಲ್ಲ ಸರ್," ಎಂದು ಅವಳು ತಲೆ ಕೆರೆದುಕೊಂಡಳು.

"ಹೊಟ್ಟ್ಯಾಗ ಒಂದು ಬೆಳ್ಯಾಕತ್ತೈತಿ ಅಂದ್ರ ಅದಕ್ಕೇನಂತಾರ?" ದಾನಮ್ಮ ನಕ್ಕಳು. "ಬಸಿರು ಅಂತಾರ. ಅಷ್ಟೂ ತಿಳ್ಯಾಂಗಿಲ್ಲೇನ್ರಿ ನಿಮಗ?"

ಇಪ್ಪತ್ತೊಂದು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗುವಿನ ಹೊಡೆತಕ್ಕೆ ಬುದ್ಧಿ ನೆಟ್ಟಗಿರಲಿಲ್ಲವೋ ಏನೋ, ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದೇ ಬಿಟ್ಟೆ: ಬಸಿರು. ಶಬ್ದದ ಕಾಲಂ ಖಾಲಿ ಬಿಟ್ಟೆ. ವೈಜಯಂತಿ ಫೋಟೋವನ್ನು ದಾನಮ್ಮನ ಕೈಗಿತ್ತು, ಮೂರು ಗಂಟೆಯ ಬಸ್ಸಿಗೆ ಹೊರಟುಹೋದಳು.

ನಾಲ್ಕು ಗಂಟೆಗೆ ಗುಮಾಸ್ತ ಪುಟ ಬಿಚ್ಚಿದ. ನಲವತ್ತು ಹೆಸರು ಎಂದಿನಂತೆ ಓದಿದ. ನಲವತ್ತೊಂದಕ್ಕೆ ಬಂದು ಒಮ್ಮೆ ಕೆಮ್ಮಿದ, ಕನ್ನಡಕ ಒರೆಸಿಕೊಂಡ, ನನ್ನ ಮುಖ ನೋಡಿದ. ಬರೆದದ್ದನ್ನು ಓದುವುದಷ್ಟೇ ಅವನ ಕೆಲಸ, ಓದಿದ.

"ದಾನಮ್ಮ: ಬಸಿರು."

ಚಾವಡಿಯ ಮುಂದಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ದಾನಮ್ಮನಿಗೆ ನಲವತ್ತಮೂರು ವರ್ಷ, ಮದುವೆಯಾಗಿಲ್ಲ. ಅವಳ ಮನೆಗೆ ದಿನಾ ಹೋಗುವ ಗಂಡಸು ಊರಿಗೆ ಒಬ್ಬನೇ. ಹೋಗಿ ಬಂದು, ಅದನ್ನು ತಾನೇ ಸರಕಾರಿ ದಫ್ತರದಲ್ಲಿ ದುಂಡಗೆ ಬರೆದು ಊರಿಗೆಲ್ಲ ಓದಿಸಿದ ಗಂಡಸೂ ಅವನೊಬ್ಬನೇ. "ಏನ ಹೇಳ್ರಿ, ಮನುಷ್ಯಾ ಸತ್ಯವಂತ," ಎಂದು ಹಿಂದಿನಿಂದ ಯಾರೋ ಅಂದರು.

ಈಗ ನನ್ನ ಅವ್ವನ ವಿಷಯ ಹೇಳಬೇಕು. ಅವ್ವನ ಹೆಸರು ಬಾಳವ್ವ, ಈ ಊರಿನ ಸೂಲಗಿತ್ತಿ. ಎಪ್ಪತ್ತೆಂಟು ವರ್ಷವಾದರೂ ಕೈ ನಡುಗುವುದಿಲ್ಲ. ಊರಿನ ಅರ್ಧ ಜನ ಮೊದಲು ನೋಡಿದ ಮುಖ ಅವಳದು, ಅದಕ್ಕೋ ಏನೋ ಅವಳನ್ನು ಕಂಡರೆ ಈಗಲೂ ಹೆದರುತ್ತಾರೆ. ಬಸುರಿ ಇರುವ ಮನೆಯಲ್ಲಿ ಮಣ್ಣು ಕದಲಿಸಬಾರದೆಂದು ನಮ್ಮಲ್ಲೊಂದು ಕಟ್ಟಳೆ. ಮನೆ ಕಟ್ಟುವಂತಿಲ್ಲ, ಗುಂಡಿ ತೋಡುವಂತಿಲ್ಲ, ಮುಚ್ಚುವಂತಿಲ್ಲ. ಅಡಿವೆಪ್ಪನ ಸೊಸೆಗೆ ದಿನ ತುಂಬುವ ತನಕ ಅವನ ಹಿತ್ತಲ ಗೋಡೆ ಒಂಬತ್ತು ತಿಂಗಳು ಅರ್ಧ ಬಿದ್ದುಕೊಂಡೇ ಇತ್ತು, ಊರಿನ ಹಂದಿಗಳೆಲ್ಲ ಒಳಗೆ ಹೋಗಿ ಬಂದವು. ಅವ್ವ ಬೆರಳೆತ್ತಿದರೆ ಗುದ್ದಲಿ ನಿಲ್ಲುತ್ತದೆ.

ಅವತ್ತು ಸಂಜೆ ಅವ್ವ ಊಟಕ್ಕೆ ಬಡಿಸಿ, ಎದುರಿಗೆ ಕೂತು, ನಾನು ಕೈ ತೊಳೆಯುವ ತನಕ ಕಾದು ಕೇಳಿದಳು. "ಲೇ ರಾಚ್ಯಾ. ನೀ ಬರದದ್ದು ಖರೇ ಏನು?"

"ಖರೇನ ಅವ್ವಾ. ಆದ್ರ ಆಕಿ ಅಲ್ಲ. ಆಕಿ ಬಾವಿ."

ಅವ್ವ ನನ್ನ ತಾಟು ಎತ್ತಿಕೊಂಡಳು. "ಇಪ್ಪತ್ತೊಂದು ವರ್ಷ ಬಿಸಿಲಾಗ ಬಗ್ಗಿ ಬಗ್ಗಿ ನಿನ್ನ ತಲಿ ಕೆಟ್ಟೈತಿ," ಎಂದು ಎದ್ದು ಹೋದಳು.

ಶುಕ್ರವಾರ ಬೆಳಿಗ್ಗೆ ಚಾವಡಿಯಲ್ಲಿ ಬಾವಿ ಸಮಿತಿಯ ಸಭೆ. ಎಂದೂ ಬಾರದವರೂ ಬಂದಿದ್ದರು. ಅಡಿವೆಪ್ಪ ದಫ್ತರವನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದ, ಕೈಗೆ ಅಂಟೀತು ಎಂಬಂತೆ.

"ರಾಚಪ್ಪ, ಇದನ್ನ ಬರದವರು ಯಾರು?"

"ನಾನರಿ."

"ಇದಕ್ಕ ಕಾರಣ ಯಾರು?"

"ಧೂಳರಿ."

"ಧೂಳಪ್ಪನ? ಯಾವ ಓಣಿ ಧೂಳಪ್ಪ?"

"ಧೂಳಪ್ಪ ಅಲ್ರಿ, ಧೂಳು. ನಕ್ಷತ್ರದ ಸುತ್ತ ಇರೂ ಧೂಳು." ನಾನು ಎದ್ದು ನಿಂತು, ತಟ್ಟೆ, ಅನಿಲ, ಕಪ್ಪು ಗೆರೆ, ನಲವತ್ತು ದಿನ ಎಲ್ಲವನ್ನೂ ಹೇಳಿದೆ. ವೈಜಯಂತಿ ಹೇಳುವಾಗ ಅದೆಲ್ಲ ಎಷ್ಟು ಸಲೀಸಾಗಿ ತಿಳಿದಿತ್ತು. ನನ್ನ ಬಾಯಲ್ಲಿ ಅದು ಸಿಕ್ಕಿಬಿದ್ದವನು ಕಟ್ಟಿದ ಕತೆಯ ಹಾಗೆ ಕೇಳಿಸಿತು. ಕೊನೆಗೆ ಹಿಟ್ಟು, ಪರಾತ ಎಂದೆ. ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಬಾಗಿಲ ಹತ್ತಿರ ದಾನಮ್ಮ ಸೆರಗು ಬಿಗಿದು ನಿಂತಿದ್ದಳು.

"ತಂಗಿ, ನಿಂದೇನರ ಹೇಳೂದು ಐತೇನು?" ಅಂದ ಅಡಿವೆಪ್ಪ.

"ಕೊಳಿ ಅನ್ನೂದನ್ನ ಇಪ್ಪತ್ತೊಂದು ವರ್ಷ ಕೇಳೇನ್ರಿ. ಇದನ್ನ ಒಂದು ದಿನ ಕೇಳಿದ್ರ ನನ್ನ ಕಿವಿ ಏನೂ ಹರಿಯೂದಿಲ್ಲ," ಅಂದಳು ದಾನಮ್ಮ. "ಖರೇ ಸುಳ್ಳು ನೋಡಬೇಕಂದ್ರ ಸೂಲಗಿತ್ತಿ ಅದಾಳಲ್ಲ ಊರಾಗ. ಕರಕೊಂಡು ಬರ್ರಿ."

ಹೀಗೆ ನನ್ನ ಅವ್ವ ಇಪ್ಪತ್ತೊಂದು ವರ್ಷದ ಮೇಲೆ ಆ ಹೊಸ್ತಿಲು ದಾಟಿದಳು. ಅವಳ ಹಿಂದೆ ಸಮಿತಿ, ಸಮಿತಿಯ ಹಿಂದೆ ಊರು. ಎಂಟು ಗಾಡಿ ಮಣ್ಣಿನ ಗುಡ್ಡೆ ಹತ್ತಿ ಇಳಿದು ಎಲ್ಲರೂ ಅಂಗಳಕ್ಕೆ ಬಂದೆವು. ಅವ್ವ ದಾನಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗೆ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದಾಗ ಅವ್ವನ ಕಣ್ಣು ಕೆಂಪಗಿದ್ದವು, ಕೈಯಲ್ಲಿ ಆ ಫೋಟೋ ಇತ್ತು. ನೆಟ್ಟಗೆ ಹಿತ್ತಲಿಗೆ ನಡೆದು, ಕಟ್ಟೆಗೆ ಎದೆ ಆನಿಸಿ ಬಾವಿಗೆ ಬಗ್ಗಿದಳು. ಹೊತ್ತು ಹನ್ನೆರಡಾಗಿತ್ತು. ಅವಳು ಅಷ್ಟು ಹೊತ್ತು ಬಗ್ಗಿಯೇ ಇದ್ದದ್ದು ನೋಡಿ, ಬಿದ್ದಾಳೆಂದು ನಾನು ಸೆರಗು ಹಿಡಿದುಕೊಂಡೆ. "ಬಿಡೋ," ಎಂದು ಕೈ ಕೊಡವಿದಳು.

ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು ಹೇಳಿದಳು. "ಹುಡುಗಿ ಬಸುರಿ ಅಲ್ಲ. ಬಾವಿ ಬಸುರಿ."

"ಅಂತೂ ಒಂದು ತೀರಿತಲ್ಲ," ಎಂದ ಅಡಿವೆಪ್ಪ ಉಸಿರುಬಿಟ್ಟು. ಅವನಿಗೆ ಹುಡುಗಿಯದೊಂದೇ ಮುಖ್ಯವಾಗಿತ್ತು, ಮುಂದಿನದು ತಲೆಗೆ ಹೋಗಿರಲಿಲ್ಲ. "ಹಂಗಾದ್ರ ಸೋಮವಾರ ಮಣ್ಣು ಹಾಕಸೂಣು."

"ಬಸುರಿ ಮನ್ಯಾಗ ಮಣ್ಣು ಹಾಕಸ್ತೀಯೇನೋ ಅಡಿವ್ಯಾ?" ಎಂದಳು ಅವ್ವ. ಅಧ್ಯಕ್ಷನನ್ನು ಹಾಗೆ ಕರೆಯುವವರು ಊರಿನಲ್ಲಿ ಅವಳೊಬ್ಬಳೇ. "ನಿನ್ನ ಸೊಸಿಗೆ ಒಂದು ಕಟ್ಟಳಿ, ಈಕಿಗೆ ಒಂದೇನು? ನಿನ್ನ ಗ್ವಾಡಿ ಒಂಬತ್ತು ತಿಂಗಳು ಕಟ್ಟಗೊಡದ ಕುಂದ್ರಿಸಿದಾಕಿ ನಾನ."

ಅಡಿವೆಪ್ಪ ಸಮಿತಿಯವರ ಮುಖ ನೋಡಿದ. ಸಮಿತಿಯವರು ಮಣ್ಣಿನ ಗುಡ್ಡೆ ನೋಡಿದರು. ಬಾವಿ ಬಸುರಿಯಾದರೆ ಕಟ್ಟಳೆ ನಡೆಯುವುದಿಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ. ಬಾವಿ ಬಸುರಿಯಾದೀತೆಂದು ಯಾರಿಗಾದರೂ ಹೊಳೆದಿದ್ದರೆ ತಾನೇ ಬರೆಯುವುದು?

"ಆಗಲಿ," ಅಂದ ಅಡಿವೆಪ್ಪ ಕೊನೆಗೆ. "ಹೆರಿಗಿ ಆಗೂತನಕ ತಡಿಯೂಣು. ಎಷ್ಟು ತಿಂಗಳು, ರಾಚಪ್ಪ?"

ನಾನು ಸತ್ಯವಂತ. "ಮೇಡಂ ಹೇಳಿದ್ದು ಹತ್ತು ಲಕ್ಷ ವರ್ಷ ಅಂತರಿ. ಹೆಚ್ಚು ಕಡಿಮಿ ಆಗಬಹುದಂತ."

ಅವ್ವ ರಾಟೆಯ ಹಗ್ಗ ಬಿಟ್ಟು ಒಂದು ಕೊಡ ನೀರು ಸೇದಿ, ಹೆರಿಗೆ ಮನೆಯಿಂದ ಹೊರಡುವಾಗ ಯಾವಾಗಲೂ ಮಾಡುವಂತೆ ಎರಡೂ ಕೈ ಮೊಣಕೈವರೆಗೆ ತೊಳೆದುಕೊಂಡಳು. ಆ ಬಾವಿಯ ನೀರು ಹೊರಗಿನವರ ಮೈಗೆ ತಾಗಿದ್ದನ್ನು ಊರು ನೋಡಿತು.

"ಚೊಚ್ಚಲ ಹೆರಿಗಿ," ಅಂದಳು ಕೈ ಒರೆಸಿಕೊಳ್ಳುತ್ತ. "ತಡಾ ಆಗ್ತೈತಿ."

ಗುಮಾಸ್ತ ಅಲ್ಲೇ ಕೂತು ನಡಾವಳಿ ಬರೆದ: 'ಸದರಿ ಬಾವಿಯ ವಿಷಯವನ್ನು ಹೆರಿಗೆಯ ತರುವಾಯ ಪರಿಶೀಲಿಸತಕ್ಕದ್ದು.' ಸಮಿತಿಯವರು ಸಹಿ ಹಾಕಿದರು. ಒಬ್ಬರು, ಆ ಹೊತ್ತಿಗೆ ಸಮಿತಿಯಲ್ಲಿ ಯಾರಿರುತ್ತಾರೋ ಏನೋ ಎಂದು ಚಿಂತೆ ಮಾಡಿದರು. ಅಡಿವೆಪ್ಪ ತಾನು ಇರುವುದಾಗಿಯೇ ಭಾವಿಸಿದಂತೆ ಕಾಣಿಸಿತು.

ಊರಿಗೆ ಸುದ್ದಿಯ ರುಚಿ ಹತ್ತಲು ಎರಡು ದಿನ ಸಾಕಾಯಿತು. ಭಾನುವಾರ ಮುಂಜಾನೆ ಓಣಿಯ ಹೆಂಗಸರು ಹಸಿರು ಬಳೆ, ಕುಬಸದ ಕಣ, ಐದು ತರದ ಉಂಡಿ ಹಿಡಿದುಕೊಂಡು ದಾನಮ್ಮನ ಹಿತ್ತಲಿಗೆ ಬಂದು, ಚೊಚ್ಚಲ ಬಸುರಿಗೆ ಮಾಡುವಂತೆ ಬಾವಿಗೆ ಕುಬಸ ಮಾಡಿದರು. ರಾಟೆಗೆ ಬಳೆ ತೊಡಿಸಿದರು, ಕಟ್ಟೆಗೆ ಅರಿಶಿನ ಹಚ್ಚಿದರು. ಇಪ್ಪತ್ತೊಂದು ವರ್ಷ ಆ ಮನೆಯ ನೆರಳು ತುಳಿಯದವರು ದಾನಮ್ಮನಿಗೆ 'ಬಾವಿಗೆ ಏನು ಬಯಕೆ ಐತವ್ವಾ?' ಎಂದು ಕೇಳುತ್ತಿದ್ದರು. ಅಡಿವೆಪ್ಪ ನನ್ನನ್ನು ಒಂದು ಕಡೆ ಕರೆದು, ತನ್ನ ಬಾವಿಯಲ್ಲಿ ಸ್ವಲ್ಪವಾದರೂ ಧೂಳು ಕಾಣುತ್ತದೆಯೇ ನೋಡು ಅಂದ. ನೋಡಿದೆ. ಒಂದು ಕಣವೂ ಇಲ್ಲ, ಲಕಲಕ ಸ್ವಚ್ಛ. ಅಷ್ಟು ಹೊಳೆಯುವುದು ಬಹಳ ಸಲ ಮುಪ್ಪಿನ ನಕ್ಷತ್ರ, ಮುಗಿಯುವ ಮೊದಲು ಹಾಗೆ ಉಬ್ಬಿಕೊಳ್ಳುತ್ತದೆ ಎಂದು ವೈಜಯಂತಿ ಹೇಳಿದ್ದು ನೆನಪಾಯಿತು. ಜೀವಮಾನದಲ್ಲಿ ಮೊದಲ ಸಲ ಸತ್ಯವನ್ನು ನುಂಗಿಕೊಂಡೆ. ಅಷ್ಟೇನೂ ಕಹಿಯಿರಲಿಲ್ಲ.

ಅವತ್ತು ನಾನು ಕೊಳವೆ ಹಿಡಿದು ಸುತ್ತಲು ಹೊರಟಾಗ ಅವ್ವ ಜಗುಲಿಯ ಮೇಲಿಂದ ಕರೆದಳು. "ರಾಚ್ಯಾ, ಒಂದು ಹೇಳ್ತೀನಿ ಕೇಳು. ಇಷ್ಟ ವರ್ಷ ಹೇಳಿಲ್ಲ. ನಿಮ್ಮಪ್ಪ ಆ ಮನ್ಯಾಗ ದಿನಾ ನೀರು ಕುಡದು ಬರತಿದ್ದ. ಊರಾಗ ಇಷ್ಟು ಸಿಹಿ ನೀರು ಇಲ್ಲ ಅಂತಿದ್ದ. ಕುಡದ ಮ್ಯಾಲೆ ಕೊಳಿ ಅಂತ ಬರಿಯಾಕ ಅವಗ ಕೈ ಬರಲಿಲ್ಲ. ನೀ ಕುಡೀಲಿಲ್ಲ. ನಾನೂ ಕುಡಿ ಅನ್ನಲಿಲ್ಲ." ಮುಖ ಆಚೆ ತಿರುಗಿಸಿಕೊಂಡಳು. "ಹೋಗು, ಬಿಸಿಲೇರತೈತಿ."

ನಲವತ್ತು ಬಾವಿ ಮುಗಿಸಿ ದಾನಮ್ಮನ ಹಿತ್ತಲಿಗೆ ಬಂದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಕುಬಸಕ್ಕೆ ಬಂದವರು ಹೋಗಿದ್ದರು. ಕಟ್ಟೆಯ ಮೇಲೆ ಅರಿಶಿನ ಇತ್ತು, ಹೂವಿತ್ತು, ಅರ್ಧ ಉಂಡಿ ಇತ್ತು. ತಂಬಿಗೆ ಇರಲಿಲ್ಲ. ಬೆಲ್ಲವೂ ಇರಲಿಲ್ಲ. ದಾನಮ್ಮ ಕಂಬಕ್ಕೊರಗಿ ಕೌದಿ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಇಪ್ಪತ್ತೊಂದು ವರ್ಷ ಇಟ್ಟವಳು ಅವತ್ತು ಇಟ್ಟಿರಲಿಲ್ಲ. ಬಾವಿ ಉಳಿಯಿತು, ಊರು ಬಂತು, ಇನ್ನು ನನಗೆ ನೀರಿಡುವ ಹಂಗು ಅವಳಿಗೇನಿದೆ?

"ನೀರು," ಅಂದೆ.

ಅವಳು ಹಲ್ಲಿನಿಂದ ದಾರ ಕಡಿದಳು. "ದಿನಾ ಕುಡದು ಬರತಿದ್ದಿ. ಇವತ್ತ ಕುಡೀಲಾರದ ಬಂದೀಯೇನು?"

"ಒಂದು ದಿನಾನೂ ಕುಡದು ಬಂದಿಲ್ಲ, ದಾನಮ್ಮ."

"ಗೊತ್ತೈತಿ." ಸೂಜಿಯಿಂದ ಬಾವಿಯ ಕಡೆ ತೋರಿಸಿದಳು. "ಹಗ್ಗ ಅಲ್ಲೇ ಐತಿ. ಸೇದಕೋ."

ಬಾವಿ ನೋಡುವವನು ನೋಡಿ ಬರೆಯುವುದಕ್ಕೆ ಮೊದಲು ಬಾವಿಯ ನೀರು ಕದಡಬಾರದು. ಇದು ಅಜ್ಜನ ಕಾಲದ ನಿಯಮ, ನನಗೆ ಮೊದಲು ಕಲಿಸಿದ್ದೇ ಅದು. ಕೊಳವೆಯನ್ನು ಕಟ್ಟೆಗೆ ಒರಗಿಸಿಟ್ಟು ಹಗ್ಗ ಬಿಟ್ಟೆ. ಕೊಡ ಧಡಂ ಎಂದು ನೀರಿಗೆ ಬಿತ್ತು. ನಕ್ಷತ್ರ, ತಟ್ಟೆ, ಕಪ್ಪು ಗೆರೆ, ಹುಟ್ಟುತ್ತಿರುವ ಗ್ರಹ ಎಲ್ಲ ಚೂರುಚೂರಾಗಿ ಗೋಡೆಗೆ ಬಡಿಯಿತು. ಕೊಡ ಮೇಲೆಳೆದು ಬೊಗಸೆಯೊಡ್ಡಿ ಕುಡಿದೆ. ಅಪ್ಪ ಹೇಳಿದ್ದು ನಿಜ. ಅಷ್ಟು ಸಿಹಿ ನೀರು ಊರಿನಲ್ಲಿ ಇರಲಿಲ್ಲ, ಮತ್ತು ನಾನು ಇಪ್ಪತ್ತೊಂದು ವರ್ಷ ಅದರ ಪಕ್ಕದಲ್ಲಿ ನಿಂತು ಬಾಯಾರಿಕೊಂಡಿದ್ದೆ. ಕುಡಿಯುತ್ತ ಕುಡಿಯುತ್ತ ಅಳು ಬಂತು, ತಡೆಯಲಿಲ್ಲ. ದಾನಮ್ಮ ಕೌದಿ ಪಕ್ಕಕ್ಕಿಟ್ಟು ಎದ್ದು ಬಂದಳು. "ಮೆಲ್ಲಕ ಕುಡಿ, ನೆತ್ತಿಗೇರತೈತಿ," ಎಂದು ನೆತ್ತಿ ತಟ್ಟಿದಳು. ಆಮೇಲೆ ನಾವು ಕಟ್ಟೆಯ ಮೇಲೆ ಕೂತು ನೀರು ತಿಳಿಯಾಗುವುದನ್ನು ಕಾದೆವು. ಅದು ಯಾವಾಗ ತಿಳಿಯಾಯಿತೋ ಇಬ್ಬರೂ ನೋಡಲಿಲ್ಲ. ಎರಡು ಗಂಟೆ ದಾಟಿಹೋಗಿತ್ತು. ನಾಲ್ಕು ಗಂಟೆಗೆ ಗುಮಾಸ್ತ "ದಾನಮ್ಮ" ಎಂದು ಓದಿ, ಮುಂದೆ ಏನೂ ಇಲ್ಲದ್ದರಿಂದ ಸ್ವಲ್ಪ ಹೊತ್ತು ಬಾಯಿ ತೆರೆದು ನಿಂತು, ದಫ್ತರ ಮುಚ್ಚಿದನಂತೆ. ನಾನು ಕೇಳಲು ಅಲ್ಲಿರಲಿಲ್ಲ.

ಮರುದಿನದಿಂದ ಎಂದಿನಂತೆ ಮಡಿಕೆ ಬರೆಯುತ್ತಿದ್ದೇನೆ, ಷರಾ ಸಮೇತ. ತಿಂಗಳ ಪುಟಗಳನ್ನು ನಕಲು ಮಾಡಿ ವೈಜಯಂತಿಗೆ ಕಳಿಸುತ್ತೇನೆ. ಮೊದಲನೆಯ ಕಂತು ತಲುಪಿದ ಮೇಲೆ ಅವಳಿಂದ ಕಾಗದ ಬಂತು. ದಾಖಲೆ ಬಹಳ ಉಪಯೋಗವಾಗುತ್ತಿದೆ, ನಮ್ಮ ಜೊತೆಯವರೆಲ್ಲ ನಿಮ್ಮ ಧೋತರದ ವಿಷಯ ಕೇಳುತ್ತಿದ್ದಾರೆ, ಅಕ್ಕನನ್ನು ಕೇಳಿದೆನೆಂದು ಹೇಳಿ, ಎಂದೆಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದಳು: 'ಸರ್, ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ. ಆ ಭಾನುವಾರ ಮಾತ್ರ ಖಾಲಿ ಇದೆ. ಬರೆಯುವುದು ಮರೆತಿರಾ?'

ದಾನಮ್ಮ ಕಾಗದ ಓದಿಸಿಕೊಂಡು, ಏನು ಬರೀತಿ ಈಗ ಎಂದಳು. ನಾನು ಲೇಖನಿ ಹಿಡಿದು ಸತ್ಯವನ್ನೇ ಬರೆದೆ. 'ಮರೆತಿಲ್ಲ ಮೇಡಂ. ಖಾಲಿ ಕಂಡ ಕಡೆ ಹೆಚ್ಚು ಹೊತ್ತು ನೋಡಬೇಕು ಅಂತ ನೀವೇ ಹೇಳಿದ್ದಿರಿ.'